ಬಂಡೆಗುಡ್ಡದ ನೇಕಾರರು

ಕೇಳಿ ಮಕ್ಕಳೇ. ಬನದಾಪುರ ಎಂಬ ರಾಜ್ಯದಲ್ಲಿ ನೀಲವ್ವ ಎಂಬ ನೇಕಾರ ಮುದುಕಿ ಇದ್ದಳು. ಒಂದು ವರ್ಷ ಹೊಳೆ ಉಕ್ಕಿ ಅವಳ ಕೇರಿಯೇ ಕೊಚ್ಚಿಹೋಯಿತು. "ಹೂಳು ತುಂಬಿದ ಹಳೇ ಕೆರೆ ಇದೆ, ಬಂಡೆಗುಡ್ಡ ಇದೆ. ಒಂದು ನೇಕಾರರಿಗೆ, ಇನ್ನೊಂದು ಮಂತ್ರಿ ದೇವರಸನಿಗೆ. ನೀವೇ ಮಾತಾಡಿ ಆರಿಸಿಕೊಳ್ಳಿ" ಎಂದ ರಾಜ.

ತಂಪು ಗಾಳಿಯ ಗುಡ್ಡದ ಮೇಲೆ ಮಂತ್ರಿಯ ಕಣ್ಣು. "ಕೆರೆಯ ಮಣ್ಣು ಬೆಣ್ಣೆ ಇದ್ದ ಹಾಗೆ, ಮಗ್ಗದ ಗುಂಡಿ ಸಲೀಸಾಗಿ ತೋಡಬಹುದು" ಎಂದು ಸಕ್ಕರೆ ಮಾತಾಡಿದ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಜನ ಹಿಗ್ಗಿ ಹೀರೇಕಾಯಿಯಾದರು. ನೀಲವ್ವನಿಗೆ ಮಾತ್ರ ತುತ್ತು ಇಳಿಯಲಿಲ್ಲ. ಅವಳ ತವರಿನಲ್ಲಿ ಭೂಮಿ ನಡುಗಿದಾಗ ಕೆರೆ ಮುಚ್ಚಿ ಕಟ್ಟಿದ ಮನೆಗಳೇ ಮೊದಲು ಬಿದ್ದಿದ್ದವು. ಈಗ ಅವಳ ತೊಟ್ಟಿಲಲ್ಲಿ ಮೊಮ್ಮಗಳಿದ್ದಳು.

ಒನಕೆ, ನೀರಿನ ಬಟ್ಟಲು ಹಿಡಿದು ಹೊರಟಳು. ಗುಡ್ಡದ ಮೇಲೆ ಬಟ್ಟಲಿಟ್ಟು ಪಕ್ಕದ ನೆಲವನ್ನು ಒನಕೆಯಿಂದ ಕುಟ್ಟಿದಳು. ಅಂಗೈ ಉರಿಯಿತು, ನೀರು ಅಲುಗಲಿಲ್ಲ. ತಪ್ಪಲಲ್ಲಿ ಕುಟ್ಟಿದಳು, ನೀರು ಕದಲಿ ಸುಮ್ಮನಾಯಿತು. ಕೆರೆಯಂಗಳದಲ್ಲಿ ಕುಟ್ಟಿದಳು, ನೀರು ಕುಣಿಯಿತು, ಕುಣಿಯುತ್ತಲೇ ಇತ್ತು.

ಮಂತ್ರಿ ಅದನ್ನು ನೋಡಿದ. "ಏನು ಹುಡುಕ್ತಿದ್ದೀ?"

"ನೆಲದ ನಡುಕ ನೋಡ್ಲಿಕ್ಕತ್ತೀನ್ರೀ. ಇಲ್ಲಿ ಮನಿ ನಿಲ್ಲೂದಿಲ್ಲ."

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮುದುಕಿ ನಿಧಿ ಹುಡುಕುತ್ತಿದ್ದಾಳೆ ಎಂದುಕೊಂಡ. "ಇಲ್ಲಿ ನಾನೇ ಕಟ್ತೀನಿ. ಬಂಡೆ ನಿಮಗಿರಲಿ!" ಎಂದ.

"ಬ್ಯಾಡ್ರೀ" ಎಂದು ನೀಲವ್ವ ಮೂರು ಸಲ ಹೇಳಿದಳು. ಅವಳು ಬೇಡವೆಂದಷ್ಟೂ ಅವನ ಆಸೆ ಹೆಚ್ಚಿತು.

ಬಂಡೆಯಲ್ಲಿ ಮಗ್ಗದ ಗುಂಡಿ ಕಡಿಯುವುದೆಂದರೆ ಆಟವೇ? ಕೈಯೆಲ್ಲ ಬೊಬ್ಬೆ. ಇಡೀ ಕೇರಿ ನೀಲವ್ವನನ್ನು ಬೈಯಿತು. ಅವಳು ಬೈಸಿಕೊಂಡು ಉಳಿ ಹಿಡಿದಳು.

ಒಂದು ಮಧ್ಯಾಹ್ನ ಭೂಮಿ ನಡುಗಿತು. ಗುಡ್ಡದ ಮೇಲೆ ಮಡಕೆಗಳು ಗಡಗಡ ಎಂದು ಸುಮ್ಮನಾದವು. ಕೂಸಿಗೆ ಎಚ್ಚರವೂ ಆಗಲಿಲ್ಲ. ಕೆರೆಯ ನೆಲ ಮಾತ್ರ ಗಡಿಗೆಯ ಗಂಜಿಯಂತೆ ತುಳುಕಾಡಿತು. ಅಲ್ಲಿ ಮಂತ್ರಿ ಕಟ್ಟಿಸಿದ್ದ ಮಹಲು ಕುಸಿಯಿತು. ಹಿತ್ತಿಲಲ್ಲಿ ನಿಧಿ ಅಗೆಯುತ್ತಿದ್ದ ದೇವರಸ ಸೊಂಟದವರೆಗೆ ಹೂಳಿನಲ್ಲಿ ಸಿಕ್ಕಿಕೊಂಡ. ನೇಕಾರರು ಹೊಸ ಸೀರೆಗಳನ್ನು ಹಗ್ಗದಂತೆ ಹೊಸೆದು ಅವನನ್ನು ಮೇಲಕ್ಕೆಳೆದರು.

"ಅವ್ವಾ, ನೀನು ನಿಜಾನೇ ಹೇಳಿದ್ದೆ" ಎಂದು ಅವನು ಅತ್ತ.

"ಇರ್ಲಿ ಏಳ್ರೀ, ಮೊದ್ಲು ಮಜ್ಜಿಗಿ ಕುಡೀರಿ" ಎಂದಳು ನೀಲವ್ವ.

ಬೈದವರೆಲ್ಲ ಬಂದು ಅವಳ ಕಾಲು ಮುಟ್ಟಿದರು. ಅವಳು ಬಂಡೆಗೆ ಹಣೆ ಹಚ್ಚಿ, "ತಾಯೀ, ನೀ ಗಟ್ಟಿ ಇದ್ದೀ ಅಂತ ನನ್ನ ಕೂಸು ಉಳೀತು" ಎಂದು ಕಣ್ಣೀರಿಟ್ಟಳು.

ನೀತಿ ಇಷ್ಟೇ ಮಕ್ಕಳೇ: ಗೋಡೆ ನೋಡುವ ಮೊದಲು ನೆಲ ನೋಡಬೇಕು. ನಿಜ ಹೇಳಿದವರನ್ನು ನಂಬಬೇಕು. ಕೈ ನೋಯಿಸಿದರೂ ಜೀವ ಕಾಯುವ ನೆಲಕ್ಕೆ ದಿನವೂ ಕೈಮುಗಿಯಬೇಕು.