ಕದಡಬೇಕಾಗಿದ್ದ ಕೊಳವೆ

ಇಂಕ್ಯು... ಇಂಕ್ಯುಬೇ... ಹೆಸರು ನಾಲಿಗೆಗೆ ಬರುತ್ತಿಲ್ಲ, ಕಾವು ಪೆಟ್ಟಿಗೆ ಎನ್ನೋಣ. ಫಾರ್ಮಸಿ ಕಾಲೇಜಿನ ಆ ಪೆಟ್ಟಿಗೆಯಲ್ಲಿ ಎರಡು ಗಾಜಿನ ಕೊಳವೆಗಳಿದ್ದವು. ಎರಡರಲ್ಲೂ ಕ್ರಿಮಿ ಬೆಳೆಯುವಂಥ, ಬೆಳೆದರೆ ಕದಡಿಹೋಗುವಂಥ ತಿಳಿ ಸಾರು ತುಂಬಿತ್ತು. ನಫೀಸಾ ಎಂಬ ವಿದ್ಯಾರ್ಥಿನಿ ಒಂದಕ್ಕೆ ಕಣ್ಣಿನ ಔಷಧಿ ಹನಿಸಿದ್ದಳು, ಇನ್ನೊಂದಕ್ಕೆ ಬೇಕೆಂದೇ ಕ್ರಿಮಿ ಹಾಕಿದ್ದಳು. ತನ್ನ ಔಷಧಿ ಶುದ್ಧವೆಂದು ಪುಸ್ತಕದಲ್ಲಿ ಬರೆಸಿಕೊಳ್ಳಬೇಕೆಂಬುದೊಂದೇ ಔಷಧಿಯ ಕೊಳವೆಯ ಆಸೆ.

"ಲೇ ತಂಗಿ, ನೀನು ಕದಡಿದರೆ ಪಕ್ಕದಲ್ಲಿರುವ ನನ್ನ ಮರ್ಯಾದೆ ಹೋಗುತ್ತದೆ" ಎಂದು ಅದು ಗದರಿತು.

"ಕದಡುವುದೇ ನನಗೆ ಕೊಟ್ಟ ಕೆಲಸ, ಅಕ್ಕ."

"ಕೊಳೆಯುವುದೂ ಒಂದು ಕೆಲಸವೇ?"

ಕ್ರಿಮಿಯ ಕೊಳವೆ ನಾಚಿಕೊಂಡು, ಒಳಗಿನ ಕ್ರಿಮಿಗಳನ್ನೆಲ್ಲ ಅದುಮಿಟ್ಟು ತಿಳಿಯಾಗಿಯೇ ಉಳಿಯಿತು.

ಹದಿನಾಲ್ಕನೆಯ ದಿನ ನಫೀಸಾ ಕೇಳಿದಳು: "ಮೇಡಂ, ಔಷಧಿಯದು ತಿಳಿಯಾಗಿದೆ. ಶುದ್ಧ ಅಂತ ಬರೆಯಲೇ?"

ಮೇಡಂ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. "ಕ್ರಿಮಿ ಹಾಕಿದ್ದೇ ಕದಡಿಲ್ಲವಲ್ಲಮ್ಮ. ಈ ಸಾರಿನಲ್ಲಿ ಕ್ರಿಮಿ ಬೆಳೆಯುವುದೇ ಇಲ್ಲವೇನೋ. ಹಾಗಿದ್ದ ಮೇಲೆ ಇನ್ನೊಂದು ತಿಳಿಯಾಗಿದೆ ಅಂದರೆ ನಂಬುವುದು ಹೇಗೆ? ಪರೀಕ್ಷೆ ರದ್ದು ಅಂತ ಬರೆ."

ನಫೀಸಾ ಪೆನ್ನು ತೆಗೆದಳು. ಔಷಧಿಯ ಕೊಳವೆ ಪಕ್ಕಕ್ಕೆ ತಿರುಗಿ ಬೇಡಿಕೊಂಡಿತು: "ಈಗಲಾದರೂ ಕದಡು, ತಾಯಿ."