ಅರ್ಧ ಪುಣ್ಯದ ದಾಸವಾಳ

ಬಳ್ಳಾರಿಯ ಬೇಸಿಗೆಯಲ್ಲಿ ದಾಸವಾಳ ಉಳಿಸಿಕೊಳ್ಳುವುದೆಂದರೆ ಕೂಸು ಸಾಕಿದ ಹಾಗೆ. ಟೈಲರ್ ಈರಮ್ಮ ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಕುಂಡಗಳಿಗೆ ಹಾಕುತ್ತಿದ್ದಳು. ಹೂವನ್ನು ಮಾತ್ರ ಎದುರುಮನೆಯ ನಿವೃತ್ತ ತಹಶೀಲ್ದಾರ್ ವಿರೂಪಣ್ಣನವರು ಬೆಳಗಿನ ವಾಕಿಂಗಿನಲ್ಲಿ ಕಾಂಪೌಂಡಿನಾಚೆಯಿಂದ ಕೊಕ್ಕೆ ಕೋಲು ಹಾಕಿ ಕಿತ್ತೊಯ್ಯುತ್ತಿದ್ದರು.

ಕೇಳಿದರೆ ಅವರಿಗೇ ಸಿಟ್ಟು. "ಹೂವು ದೇವರದಮ್ಮ. ಪೂಜೆ ನಾನು ಮಾಡ್ತೀನಿ, ಅರ್ಧ ಪುಣ್ಯ ನಿನಗೆ. ನಾಳೆಯಿಂದ ಒಂದು ಮೊಗ್ಗನ್ನೂ ಮುಟ್ಟಬೇಡ."

"ಆಯ್ತು ಸಾಹೇಬ್ರೇ," ಅಂದಳು ಈರಮ್ಮ. ಮಧ್ಯಾಹ್ನ ಕುಂಡಗಳನ್ನೆಲ್ಲ ತಳ್ಳುಗಾಡಿಯಲ್ಲಿ ತಂದು ಅವರ ಅಂಗಳದಲ್ಲೇ ಇಳಿಸಿದಳು. "ದೇವರ ಗಿಡ ನನ್ನ ಮನೇಲಿ ಯಾಕೆ?"

ವಿರೂಪಣ್ಣನವರು ಹಿಗ್ಗಿದರು. ಮರುದಿನದಿಂದ ಎರಡು ಹೊತ್ತೂ ಕೊಡ ಹೊತ್ತರು. ಎಲೆಗೆ ಬಿಳಿ ಹುಳ ಹತ್ತಿತು, ಬೇವಿನೆಣ್ಣೆ ಬಳಿದರು. ಸೊಂಟ ಹಿಡಿಯಿತು, ಅದಕ್ಕೂ ಎಣ್ಣೆ ಬಳಿದರು. ಕೊನೆಗೊಂದು ಬೆಳಿಗ್ಗೆ ಗಿಡದ ತುಂಬ ಹೂವಾಯಿತು. ಅವರು ಮಡಿಯುಟ್ಟು ಹೊರಗೆ ಬರುವಷ್ಟರಲ್ಲಿ ಈರಮ್ಮನ ಬುಟ್ಟಿ ತುಂಬಿತ್ತು.

"ಏಯ್! ನೀರು ಹೊತ್ತವನು ನಾನು!"

"ಹೌದು ಸಾಹೇಬ್ರೇ, ಅರ್ಧ ಪುಣ್ಯ ನಿಮಗೆ. ಪೂಜೆ ನಾನು ಮಾಡ್ತೀನಿ."

ಸಂಜೆಯೊಳಗೆ ಕುಂಡಗಳು ವಾಪಸ್ ಬಂದವು. ಜೊತೆಗೆ ಕೊಕ್ಕೆ ಕೋಲೂ ಬಂತು. ಈರಮ್ಮ ಅದನ್ನು ಮಲ್ಲಿಗೆ ಬಳ್ಳಿಗೆ ಆಸರೆಯಾಗಿ ಕಟ್ಟಿದಳು.