ಡಬ್ಬಿಯೊಳಗಿನ ಎರೆಮಣ್ಣು

ಹಲಗೆ ಬಡಿದು ಮಾಡಿದ ತರಕಾರಿ ಮಡಿಗೆ ನೀಲವ್ವ ಕೆಮ್ಮಣ್ಣು, ಸಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ ಸುರಿದಳು. ಕೊನೆಗೆ ನರಗುಂದದ ತವರಿನಿಂದ ತಂದಿಟ್ಟಿದ್ದ ಡಬ್ಬಿಯ ಮುಚ್ಚಳ ತೆಗೆದಳು. ಒಳಗಿದ್ದ ಕಪ್ಪು ಎರೆಮಣ್ಣಿಗೆ ಬೆಳಕು ಕಂಡಿತು. ನಲವತ್ತು ವರ್ಷ ಅದು ಕತ್ತಲಲ್ಲಿ ಕೂತು ತನ್ನ ಬಿಳಿಜೋಳದ ಹೊಲವನ್ನೇ ನೆನೆದಿತ್ತು.

"ಬಾ ಎರೆಯಕ್ಕ, ಬೆರೆಯೋಣ," ಎಂದಿತು ಕೆಮ್ಮಣ್ಣು.

"ಬೆರೆತರೆ ನನ್ನೂರಿನ ಗುರುತು ಉಳಿಯುವುದಿಲ್ಲ. ಇಬ್ಬನಿ ಕುಡಿದೇ ಜೋಳ ಬೆಳೆಸಿದವಳು ನಾನು. ನನಗೊಂದು ಮೂಲೆ ಕೊಡಿ, ಸಾಕು."

"ಕೊಡೋಣ. ಹಿರಿಯರ ಹಟಕ್ಕೆ ಎದುರುಂಟೇ?" ಎಂದು ನಾರಿನ ಪುಡಿ ನಕ್ಕಿತು.

ನೀಲವ್ವನಿಗೂ ಅದೇ ಮನಸ್ಸಿತ್ತು. ಎರೆಮಣ್ಣನ್ನು ಮೂಲೆಯಲ್ಲಿ ಬೇರೆಯಾಗಿಯೇ ಸುರಿದು, ತವರಿನವರು ಈಚೆಗೆ ಕಳಿಸಿದ ಬೀಜದಿಂದ ಎದ್ದ ಒಂದೇ ಒಂದು ಬದನೆ ಸಸಿಯನ್ನು ಅಲ್ಲಿ ನೆಟ್ಟಳು.

ಊರಿನಲ್ಲಿ ಆ ಮಣ್ಣಿಗೆ ಆಳುದ್ದದ ಆಳವಿತ್ತು, ನೇಗಿಲಿನ ಓಡಾಟವಿತ್ತು. ಇಲ್ಲಿರುವುದು ಗೇಣುದ್ದದ ಮೂಲೆ. ನೀರು ಬಿದ್ದಾಗ ಅದು ಅಂಟಾಯಿತು, ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿತು. ಸಸಿ ತಲೆ ಬಾಗಿಸಿತು.

"ಅವ್ವಾ, ನೀನು ತಬ್ಬಿಕೊಂಡಿದ್ದು ಬಿಗಿಯಾಯಿತು. ಬೇರಿಗೆ ಉಸಿರಿಲ್ಲ."

ಎರೆಮಣ್ಣು ನಾರಿನ ಪುಡಿಯನ್ನು ಕರೆಯಿತು. "ತಂಗಿ, ನನ್ನನ್ನು ಒಡೆದು ಒಳಗೆ ಬಾ. ಮಗು ಉಳಿಯಲಿ."

ಬಾಡಿದ ಸಸಿ ಕಂಡು ನೀಲವ್ವ ಮಣ್ಣು ಕೆದಕುವ ಕುರ್ಪಿ ಹಿಡಿದು ಬಂದಳು. ಎಲ್ಲವನ್ನೂ ಕಲಸಿ ಒಂದು ಮಾಡಿದಳು.

ಕಾಯಿ ಬಿಟ್ಟ ಮೇಲೆ ಪಕ್ಕದ ಮನೆಯಾಕೆ ಎಣ್ಣೆಗಾಯಿ ತಿಂದು ಕೇಳಿದಳು, "ಇದು ಯಾವೂರ ಬದನೆ, ನೀಲಮ್ಮ?"

"ನಮ್ಮ ನರಗುಂದದ್ದು," ಎಂದಳು ನೀಲವ್ವ.

ಮಡಿಯಲ್ಲಿ ಎರೆಮಣ್ಣು ಯಾವುದೆಂದು ಆಗ ಯಾರೂ ಗುರುತಿಸುವಂತಿರಲಿಲ್ಲ. ಆದರೆ ನಲವತ್ತು ವರ್ಷಗಳ ಮೇಲೆ ಅದು ತನ್ನೂರಿನ ಹೆಸರನ್ನು ಕೇಳಿಸಿಕೊಂಡಿತು.